ಅಂಡಿಗೆ ಕಟ್ಟಿದ ಕಾಲ

ಕಲಬುರಗಿಯ ಜೇವರ್ಗಿ ಕಾಲೋನಿಯ ಬದಿಯಿಂದ ದಕ್ಷಿಣಕ್ಕೆ ಹೊರಟ ರಸ್ತೆ ಕಟ್ಟಿಸಂಗಾವಿಯ ಹತ್ತಿರ ಭೀಮೆಯನ್ನು ದಾಟಿ ಜೇವರ್ಗಿ ಸೇರುತ್ತದೆ. ಅಲ್ಲಿಂದ ಮುಂದೆ ಶಹಾಪುರ, ಸುರಪುರದ ಎರೆಸೀಮೆಗೆ ಇಳಿಯುತ್ತದೆ. ಇಂದು ಈ ನಾಡನ್ನು ಎಲ್ಲರೂ ತೊಗರಿಯ ಕಣಜವೆನ್ನುತ್ತಾರೆ. ನೂರೈವತ್ತು ವರ್ಷಗಳ ಹಿಂದೆ ಇದೇ ಎರೆಯ ಮೇಲೆ ಜೋಳ ಮನೆಯ ಹೊಟ್ಟೆ ತುಂಬಿಸಿದರೆ, ಕಂದಾಯದ ರೊಕ್ಕಕ್ಕೆ ಹತ್ತಿ ಆಸರೆಯಾಗಿತ್ತು. ಆಳುವವರು ಮೇಲಿಂದ ಮೇಲೆ ಬದಲಾದ ಕಾಲವದು. ರಾಯಚೂರು ದೋಆಬ 1853ರಲ್ಲಿ ನಿಜಾಮನ ಕೈಯಿಂದ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ಮರಳಿತು. ಸುರಪುರದ ಬೇಡ ನಾಯಕರ ರಾಜ್ಯ 1858ರಲ್ಲಿ ಮುಗಿದುಹೋಗಿ, ಎರಡು ವರ್ಷದಲ್ಲಿ ಅದೂ ನಿಜಾಮನ ಪಾಲಿಗೆ ಬಂತು. ಕಚೇರಿಗಳ ಮೊಹರು ಬದಲಾಯಿತು. ಹೊಲದಲ್ಲಿ ಹತ್ತಿ ಮಾತ್ರ ಎಂದಿನಂತೆ ಮಾಗಿಯಲ್ಲಿ ಒಡೆಯಿತು, ಬೇಸಿಗೆ ಬಿರುಸಾಗುವ ಮುನ್ನ ಮನೆಗೆ ಬಂತು.

ಮನೆಗೆ ಬಂದ ಹತ್ತಿಯನ್ನು ಪೇಟೆಗೆ ಮುಟ್ಟಿಸುವುದೇ ಆ ಕಾಲದ ದೊಡ್ಡ ಗೋಳು. ಮೊದಲು ಕಾಳು ಬಿಡಿಸಬೇಕು. ಧಾರವಾಡದ ಸೀಮೆಯಲ್ಲಿ ಈ ಕೆಲಸ ಹೆಂಗಸರದಾಗಿತ್ತು. ಗಿಡ್ಡ ಮಣೆಯ ಮೇಲೆ ಕೂತು, ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಪಾದಕ್ಕೆ ಕಟ್ಟಿಗೆಯ ಹಾವುಗೆ ಕಟ್ಟಿಕೊಂಡು, ಕಬ್ಬಿಣದ ಸಲಾಕೆಯೊಂದನ್ನು ಕಾಲಡಿ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದರು. ಕಾಳು ಒಂದು ಕಡೆ ಸಿಡಿದರೆ ಅರಳೆ ಇನ್ನೊಂದು ಕಡೆ ಉಳಿಯುತ್ತಿತ್ತು. ಅರಳೆ ತೂಕಕ್ಕೆ ಹಗುರ, ಗಾತ್ರಕ್ಕೆ ಮಿತಿಯಿಲ್ಲ. ಬಿಡಿಯಾಗಿ ಹೇರಿದರೆ ಗಾಡಿ ಗೋಪುರದಷ್ಟು ಎತ್ತರವಾಗುತ್ತದೆ. ಆದರೂ ಎತ್ತಿನ ಹೆಗಲಿಗೆ ಅರ್ಧ ಭಾರವೂ ಬಿದ್ದಿರುವುದಿಲ್ಲ. ಬಾಡಿಗೆಯನ್ನಂತೂ ಗಾಡಿಯ ಲೆಕ್ಕಕ್ಕೆ ಕೊಡಬೇಕು. ಅದಕ್ಕೇ ಜನ ಅರಳೆಯನ್ನು ತುಳಿದು ಕಟ್ಟುವುದನ್ನು ಕಲಿತರು. ಗಟ್ಟಿ ಗೋಣಿಯನ್ನು ಬಾಯಿ ಬಿಡಿಸಿ ಮರದ ಚೌಕಟ್ಟಿಗೆ ತೂಗುಹಾಕಿ, ಒಬ್ಬ ಆಳು ಅದರೊಳಗೇ ಇಳಿದು ನಿಲ್ಲುತ್ತಿದ್ದ. ಮೇಲಿನಿಂದ ಅರಳೆ ಸುರಿದಂತೆಲ್ಲ ಹಿಮ್ಮಡಿಯಿಂದ ತುಳಿಯುತ್ತಿದ್ದ, ಒನಕೆಯಿಂದ ಮೂಲೆಗಳನ್ನು ಜಡಿಯುತ್ತಿದ್ದ. ಗೋಣಿ ತುಂಬುತ್ತ ಬಂದಂತೆ ಅವನೂ ಮೇಲೇರುತ್ತಿದ್ದ. ಹೀಗೆ ಸಿದ್ಧವಾದದ್ದೇ ಅಂಡಿಗೆ. ಒಬ್ಬ ಮನುಷ್ಯನ ಮೈಭಾರ ಎಷ್ಟು ಒತ್ತಬಲ್ಲದೋ ಅಷ್ಟೇ ಅದರ ಗಟ್ಟಿತನ.

ಈ ಅಂಡಿಗೆಗಳ ದಾರಿ ಬಲು ದೂರ. ಧಾರವಾಡ, ಹುಬ್ಬಳ್ಳಿ, ಗದಗಿನ ಹತ್ತಿ ಶಿರಸಿಯ ಮೇಲಿಂದ ದೇವಿಮನೆ ಘಾಟಿ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ. ಲಿವರ್‌ಪೂಲಿನ ವ್ಯಾಪಾರಿಗಳು ಈ ನಾಡಿನ ಹತ್ತಿಯನ್ನು ಕುಮಟೆಯ ಹೆಸರಿನಿಂದಲೇ ಗುರುತಿಸುವಷ್ಟು ಆ ಬಂದರಿಗೆ ಪ್ರಸಿದ್ಧಿಯಿತ್ತು. ಗುಲ್ಬರ್ಗಾದ, ಅಂದರೆ ಇಂದಿನ ಕಲಬುರಗಿಯ, ಕಡೆಯವರಿಗೆ ವಾಯುವ್ಯ ದಿಕ್ಕಿನ ಗಾಡಿದಾರಿ. 1860ರಲ್ಲಿ ಸೋಲಾಪುರಕ್ಕೆ ರೈಲು ಬಂದ ಮೇಲೆ ಆ ದಾರಿಯ ತುದಿಯಲ್ಲಿ ಹಳಿ ಕಾಣಿಸಿತು. ಯಾವ ದಾರಿ ಹಿಡಿದರೂ ತುಳಿದ ಅಂಡಿಗೆ ಕಡಲು ದಾಟಲು ಯೋಗ್ಯವಾಗಿರಲಿಲ್ಲ. ಹಡಗಿನವನು ಬಾಡಿಗೆ ಹಿಡಿಯುವುದು ಜಾಗಕ್ಕೆ. ಹತ್ತಿಯೊಳಗಿನ ಗಾಳಿಗೂ ಲಂಡನ್ನಿನವರೆಗೆ ಬಾಡಿಗೆ ಕಟ್ಟಲು ಯಾವ ಸಾಹುಕಾರನೂ ತಯಾರಿರಲಿಲ್ಲ. ಆ ಗಾಳಿಯನ್ನು ಹಿಂಡಿ ತೆಗೆಯಲೆಂದೇ ಮುಂಬಯಿಯ ಕೊಲಾಬಾದಲ್ಲಿ ಹತ್ತಿಯ ಒತ್ತುಯಂತ್ರಗಳು ಎದ್ದವು.

ಮೊದಮೊದಲು ಅಲ್ಲಿದ್ದವು ತಿರುಪಿನ ಯಂತ್ರಗಳು. ದಪ್ಪ ತೊಲೆಗಳ ಚೌಕಟ್ಟು, ನಡುವೆ ಗಟ್ಟಿಮುಟ್ಟಾದ ಪೆಟ್ಟಿಗೆ, ಅದರೊಳಗೆ ಇಳಿಯುವ ಒತ್ತುಹಲಗೆ, ಹಲಗೆಯ ಬೆನ್ನಿಗೆ ಭಾರೀ ತಿರುಪು. ತಿರುಪನ್ನು ತಿರುಗಿಸಲು ನಾಲ್ಕೂ ಕಡೆ ಚಾಚಿದ ಅಡ್ಡಗೋಲುಗಳು. ಒಂದೊಂದು ಗೋಲಿಗೆ ಸಾಲುಗಟ್ಟಿ ಎದೆಗೊಟ್ಟ ಕೂಲಿಗಳು. ಇದರ ಲೆಕ್ಕ ಸರಳವಾದದ್ದು. ಗೋಲು 10 ಅಡಿ ಉದ್ದವಿದ್ದರೆ ಅದರ ತುದಿಯಲ್ಲಿ ನಿಂತವನು ಒಂದು ಸುತ್ತಿಗೆ ಸುಮಾರು 63 ಅಡಿ ನಡೆಯುತ್ತಾನೆ. ಅಷ್ಟು ನಡೆದದ್ದಕ್ಕೆ ತಿರುಪು ಇಳಿಯುವುದು 2 ಇಂಚು. ಅಂದರೆ ಅವನ ಒತ್ತು 370 ಪಟ್ಟಿಗೂ ಹೆಚ್ಚಾಗಿ ಹತ್ತಿಯ ಮೇಲೆ ಬೀಳಬೇಕು. ಬೀಳುವುದಿಲ್ಲ, ತಿರುಪಿನ ಹಲ್ಲು ಹಲ್ಲಿಗೆ ಉಜ್ಜುವಲ್ಲೇ ಅರ್ಧಕ್ಕಿಂತ ಹೆಚ್ಚು ಬಲ ಸವೆದುಹೋಗುತ್ತದೆ. ಆದರೆ ಆ ಉಜ್ಜಾಟದಿಂದ ಒಂದು ಲಾಭವೂ ಇತ್ತು. ಕೂಲಿಗಳು ದಣಿದು ಕೈಬಿಟ್ಟರೂ ತಿರುಪು ಹಿಂದಕ್ಕೆ ಸರಿಯುತ್ತಿರಲಿಲ್ಲ. ಗಳಿಸಿದ ಒಂದೊಂದು ಇಂಚೂ ಗಳಿಸಿದ್ದೇ.

ತಿರುಪಿನ ನಿಜವಾದ ಕೊರತೆ ಬೇರೆ ಕಡೆ ಇತ್ತು. ಹತ್ತಿಯಾಗಲಿ ಹುಲ್ಲಾಗಲಿ ಒತ್ತಿಗೆ ಒಂದೇ ಸಮನಾಗಿ ಎದುರು ನಿಲ್ಲುವುದಿಲ್ಲ. ಮೊದಲಲ್ಲಿ ಕೈಯಿಂದ ಅದುಮಿದರೂ ಕುಸಿಯುತ್ತದೆ. ಕೊನೆಯ ನಾಲ್ಕು ಇಂಚಿಗೆ ಬಂದಾಗ ಕಬ್ಬಿಣದಂತೆ ತಿರುಗಿ ಬೀಳುತ್ತದೆ. ತಿರುಪಿಗೋ ಮೊದಲೂ ಕೊನೆಯೂ ಒಂದೇ ನಡೆ. ಹತ್ತಿ ಮೆತ್ತಗಿರುವಾಗಲೂ ಆಮೆಯಂತೆ ಇಳಿದು ಹೊತ್ತು ಕಳೆಯುತ್ತದೆ, ಬಿರುಸಾದಾಗ ಬಲ ಸಾಲದೆ ನಿಲ್ಲುತ್ತದೆ. ಮೊದಲು ವೇಗ, ಕೊನೆಗೆ ಬಲ. ಈ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸುವುದು ಹೇಗೆ ಎಂಬುದೇ ಆ ಶತಮಾನದ ಒತ್ತುಯಂತ್ರಗಾರರ ತಲೆ ತಿಂದ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಹುಲ್ಲಿನ ವ್ಯಾಪಾರಿಗಳೂ ಇದ್ದರು. ಅಲ್ಲಿನ ಪಟ್ಟಣಗಳ ಕುದುರೆಗಳಿಗೆ ಓಹಾಯೋ ನದಿಯ ದಂಡೆಯ ಹಳ್ಳಿಗಳಿಂದ ದೋಣಿಯಲ್ಲಿ ಹುಲ್ಲು ಹೋಗಬೇಕಿತ್ತು. ಹತ್ತಿಯ ಗೋಳೇ ಹುಲ್ಲಿಗೂ. ಇಂಡಿಯಾನಾದ ಸ್ಯಾಮ್ಯುಯೆಲ್ ಹೆವಿಟ್ 1843ರಲ್ಲಿ ಪೇಟೆಂಟು ಪಡೆದ ಹುಲ್ಲಿನ ಯಂತ್ರ ಒಂದು ಕಟ್ಟಡದಷ್ಟೇ ದೊಡ್ಡದು. ಮೂರು ಅಂತಸ್ತಿನ ಮರದ ಕೊಟ್ಟಿಗೆಯ ಎದೆಯಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಕೆಳಗೆ ಎತ್ತೋ ಕುದುರೆಯೋ ನಮ್ಮ ಗಾಣದ ಎತ್ತಿನಂತೆ ಸುತ್ತು ಹೊಡೆದರೆ, ಹಗ್ಗ ಸುತ್ತಿಕೊಂಡು ಮರದ ಭಾರೀ ದಿಮ್ಮಿ ಮೇಲಕ್ಕೇರಿ, ಕೊಂಡಿ ಕಳಚಿದೊಡನೆ ಪೆಟ್ಟಿಗೆಯಲ್ಲಿನ ಹುಲ್ಲಿನ ಮೇಲೆ ಧೊಪ್ಪೆಂದು ಬೀಳುತ್ತಿತ್ತು. ಹುಲ್ಲು ಸುರಿ, ದಿಮ್ಮಿ ಬೀಳಿಸು, ಮತ್ತೆ ಸುರಿ. ಪೆಟ್ಟಿಗೆ ತುಂಬಿದ ಮೇಲೆ ಕೊನೆಯ ಒತ್ತು. ಮೊದಲ ಕೆಲಸ ಪೆಟ್ಟಿನಿಂದ, ಕಡೆಯ ಕೆಲಸ ಒತ್ತಿನಿಂದ ಎಂದು ಹಂಚಿದ್ದೇ ಈ ಯಂತ್ರದ ಜಾಣತನ.

ಇನ್ನೊಂದು ಉತ್ತರ ಮಂಡಿಕೀಲಿನದು. ಎರಡು ಗಟ್ಟಿ ತೋಳುಗಳನ್ನು ನಡುವೆ ಕೀಲು ಹಾಕಿ ಮಡಚಿಡುತ್ತಾರೆ. ಕೀಲನ್ನು ಬದಿಯಿಂದ ಎಳೆದರೆ ತೋಳುಗಳು ನೆಟ್ಟಗಾಗುತ್ತ ಹಲಗೆಯನ್ನು ತಳ್ಳುತ್ತವೆ. ಪೂರ್ತಿ ಮಡಚಿದ್ದಾಗ ಹಲಗೆ ಬೇಗ ಸಾಗುತ್ತದೆ, ಬಲ ಕಡಿಮೆ. ನೆಟ್ಟಗಾಗಲು ಕೂದಲೆಳೆಯಷ್ಟು ಉಳಿದಾಗ ಹಲಗೆ ಸಾಗುವುದು ಅತ್ಯಲ್ಪ, ಬಲವೋ ಬೆಟ್ಟದಷ್ಟು. ಹತ್ತಿಯ ಸ್ವಭಾವವನ್ನೇ ಅಳತೆ ಹಿಡಿದು ಮಾಡಿದ ಹಾಗಿದ್ದ ಈ ಕೀಲು ಹತ್ತಿ, ಹುಲ್ಲು ಎರಡರ ಯಂತ್ರಗಳಿಗೂ ಒಗ್ಗಿತು.

ಹೀಗಿರುವಾಗ 1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಕಣ್ಣು ನಮ್ಮ ಎರೆಸೀಮೆಯ ಮೇಲೆ ಬಿತ್ತು. ಯುದ್ಧಕ್ಕೆ ಮುನ್ನವೇ, 1860ರಲ್ಲಿ, ಅಲ್ಲಿನವರು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿಕೊಂಡಿದ್ದರು. ಧಾರವಾಡದ ಹತ್ತಿಯನ್ನು ಕುಮಟೆಯ ದಾರಿ ಬಿಡಿಸಿ ಕಾರವಾರದ ಸದಾಶಿವಗಡಕ್ಕೆ ತಂದು, ಅಲ್ಲೇ ಒತ್ತಿ, ಅಲ್ಲಿಂದಲೇ ನೇರವಾಗಿ ಇಂಗ್ಲೆಂಡಿನ ಹಡಗಿಗೆ ಏರಿಸಬೇಕೆಂಬುದು ಅವರ ಲೆಕ್ಕ. ಮುಂಬಯಿಯೂ ಬೇಡ, ನಡುವಿನ ದಲಾಲನೂ ಬೇಡ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಒತ್ತಡ ಕೆಲಸ ಮಾಡಿತ್ತು. ಯಂತ್ರಗಳು ಕಡಲು ದಾಟಿ ಬಂದವು. ಬಂದ ಯಂತ್ರಗಳಿಗೆ ಹತ್ತಿ ಬರಬೇಕಾದ ಘಾಟಿಯ ರಸ್ತೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಒತ್ತುಯಂತ್ರ ದಾರಿಯ ಕೊನೆಯಲ್ಲಿ ನಿಂತು ಹತ್ತಿಯನ್ನು ತನ್ನತ್ತ ಎಳೆಯಲಾರದು, ದಾರಿ ಮೊದಲು ಬರಬೇಕು ಎಂಬ ಪಾಠವನ್ನು ಅದು ನಷ್ಟದಲ್ಲಿ ಕಲಿತಿತು.

ಯಂತ್ರವನ್ನು ಹತ್ತಿಯ ಹೊಲದ ಹತ್ತಿರಕ್ಕೆ ತಂದದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೋಲಾಪುರದಿಂದ ಮುಂದೆ ಸಾಗಿ ಗುಲ್ಬರ್ಗಾ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ಮುಂದಿನ ದಶಕದಲ್ಲಿ ಹೊಟಗಿಯಿಂದ ಗದಗಿಗೆ, ಹುಬ್ಬಳ್ಳಿಗೆ, ಮರ್ಮಗೋವೆಗೆ ಹಳಿ ಬಿದ್ದು, ಕುಮಟೆಯ ಗಾಡಿದಾರಿಯಲ್ಲಿ ಹುಲ್ಲು ಬೆಳೆಯಿತು. ವ್ಯಾಗನ್ನಿಗೂ ಹಡಗಿನದೇ ಹಟ: ಬಿಡಿ ಹತ್ತಿ ತುಂಬಿದರೆ ಡಬ್ಬಿ ತುಂಬುತ್ತದೆ, ತೂಕ ತುಂಬುವುದಿಲ್ಲ. ಕೊಲಾಬಾದಲ್ಲಿ ಆಗುತ್ತಿದ್ದ ಒತ್ತುವಿಕೆ ಈಗ ನಿಲ್ದಾಣದ ಮಗ್ಗುಲಲ್ಲೇ ಆಗಬೇಕಾಯಿತು. ಹಾಗೆ ನಮ್ಮ ಊರುಗಳಿಗೆ ಕಾಳು ಬಿಡಿಸುವ ಜಿನ್ನೂ ಅರಳೆ ಒತ್ತುವ ಪ್ರೆಸ್ಸೂ ಜೋಡಿಯಾಗಿ ಬಂದವು. ಅವುಗಳ ಇಟ್ಟಿಗೆಯ ಹೊಗೆಗೊಳವೆ ನಿಲ್ದಾಣದ ಗುರುತಾಯಿತು.

ಈ ಹೊಸ ಪ್ರೆಸ್ಸಿನ ಜೀವ ನೀರಿನಲ್ಲಿತ್ತು. ಮುಚ್ಚಿದ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದ. 1795ರಲ್ಲಿ ಲಂಡನ್ನಿನ ಬೀಗಗಾರ ಜೋಸೆಫ್ ಬ್ರಾಮಾ ಅದನ್ನು ಯಂತ್ರವಾಗಿಸಿದ. ಪಂಪಿನ ದಂಡ 1 ಇಂಚು ದಪ್ಪ, ಹತ್ತಿಯನ್ನು ಒತ್ತುವ ಕಂಬ 10 ಇಂಚು ದಪ್ಪ ಇದ್ದರೆ ಬಲ ನೂರು ಪಟ್ಟಾಗುತ್ತದೆ. ನೀರಿನ ಒತ್ತಡ ಚದರ ಇಂಚಿಗೆ 2 ಟನ್ ಇದ್ದರೆ ಅಂಥ ಕಂಬ ಎತ್ತುವ ಭಾರ 150 ಟನ್ನನ್ನೂ ಮೀರುತ್ತದೆ. ಇಷ್ಟು ಒತ್ತಡಕ್ಕೆ ಕಂಬದ ಸುತ್ತಲಿನ ಸಂದಿಯಿಂದ ನೀರು ಚಿಮ್ಮಬೇಕು. ಅದನ್ನು ತಡೆದದ್ದು ಬಟ್ಟಲಿನಂತೆ ಮಡಚಿದ ಚರ್ಮದ ಬಳೆ: ಒತ್ತಡ ಏರಿದಷ್ಟೂ ಚರ್ಮದ ಅಂಚು ಕಂಬಕ್ಕೆ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ವೇಗ ಮತ್ತು ಬಲದ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರ ಸುಲಭವಾಯಿತು. ಮೊದಲು ದಪ್ಪ ಪಂಪುಗಳಿಂದ ಹೆಚ್ಚು ನೀರು ಬಿಟ್ಟು ಕಂಬವನ್ನು ಸರಸರನೆ ಏರಿಸುವುದು; ಹತ್ತಿ ಬಿಗಿಯುತ್ತಿದ್ದಂತೆ ಅವನ್ನು ನಿಲ್ಲಿಸಿ ಸಣ್ಣ ಪಂಪುಗಳಿಂದ ಕೊನೆಯ ಒತ್ತು ಕೊಡುವುದು. ಲಿವರ್‌ಪೂಲಿನ ಫಾಸೆಟ್ ಪ್ರೆಸ್ಟನ್, ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟಿನ ನ್ಯಾಸ್ಮಿತ್ ವಿಲ್ಸನ್ ಮುಂತಾದ ಕಾರ್ಖಾನೆಗಳು ಇಂಥ ಯಂತ್ರಗಳನ್ನು ಮಾಡಿ ಲೋಕಕ್ಕೆಲ್ಲ ಕಳಿಸಿದವು.

ಪ್ರೆಸ್ಸಿನ ಮನೆಯಲ್ಲಿ ಒಂದು ಅಂಡಿಗೆ ಹುಟ್ಟುವ ಬಗೆ ನೋಡುವಂಥದು. ಮೇಲಿನ ಅಟ್ಟದಿಂದ ಪೆಟ್ಟಿಗೆಗೆ ಅರಳೆ ಸುರಿಯುತ್ತಾರೆ. ಆಳುಗಳು ಪೆಟ್ಟಿಗೆಯೊಳಗೇ ಇಳಿದು ತುಳಿಯುತ್ತಾರೆ. ಯಂತ್ರ ಎಷ್ಟೇ ಹೊಸದಾದರೂ ಮೊದಲ ಒತ್ತು ಆ ಹಳೆಯ ಹಿಮ್ಮಡಿಯದೇ. ನಡುಗಂಬವೊಂದರ ಸುತ್ತ ತಿರುಗುವ ಜೋಡಿ ಪೆಟ್ಟಿಗೆಗಳಿದ್ದಲ್ಲಿ ಒಂದರಲ್ಲಿ ತುಳಿತ ನಡೆದಿರುವಾಗ ಇನ್ನೊಂದರಲ್ಲಿ ಕಂಬ ಏರುತ್ತಿರುತ್ತದೆ. ಕಂಬ ತುದಿ ಮುಟ್ಟಿದಾಗ ಪೆಟ್ಟಿಗೆಯ ಬಾಗಿಲುಗಳನ್ನು ಬಿಚ್ಚುತ್ತಾರೆ. ಮೇಲೆ ಕೆಳಗೆ ಮೊದಲೇ ಹಾಸಿದ್ದ ತಟ್ಟನ್ನು ಸುತ್ತಲೂ ಎಳೆದು ಹೊಲಿಯುತ್ತಾರೆ. ಒತ್ತುಹಲಗೆಗಳಲ್ಲಿ ಕೊರೆದ ಗೀರುಗಳ ಮೂಲಕ ಕಬ್ಬಿಣದ ಪಟ್ಟಿಗಳನ್ನು ತೂರಿಸಿ ಬಿಗಿಯುತ್ತಾರೆ. ನೀರು ಬಿಟ್ಟೊಡನೆ ಕಂಬ ಇಳಿಯುತ್ತದೆ, ಹತ್ತಿ ಒಮ್ಮೆ ಉಬ್ಬಿ ಪಟ್ಟಿಗಳಿಗೆ ಎದೆಗೊಡುತ್ತದೆ, ಪಟ್ಟಿಗಳು ಕಿರ್ರೆಂದು ತಡೆಯುತ್ತವೆ. ಅಲ್ಲಿಗೆ 392 ಪೌಂಡಿನ ಅಂಡಿಗೆ ಸುಮಾರು 10 ಘನ ಅಡಿಯ ಜಾಗದಲ್ಲಿ ಅಡಗಿತು. ಅದೇ ತೂಕ ಬಿಡಿಯಾಗಿದ್ದಾಗ ಒಂದು ಕೋಣೆಯನ್ನು ತುಂಬುತ್ತಿತ್ತು. ಭಾರತದ ಅಂಡಿಗೆಯಷ್ಟು ಗಟ್ಟಿಯಾದದ್ದು ಅಮೆರಿಕದ್ದೂ ಇರಲಿಲ್ಲ. ದೂರದ ಹಡಗುಬಾಡಿಗೆಯೇ ನಮ್ಮನ್ನು ಹಾಗೆ ಒತ್ತಲು ಕಲಿಸಿತ್ತು.

ಗಾಳಿಯ ಜೊತೆಗೇ ನಂಬಿಕೆಯೂ ಹಿಂಡಿಹೋಯಿತು. ತುಳಿದ ಅಂಡಿಗೆಗೆ ಕೈ ಹಾಕಿ, ಒಳಗಿನ ಎಳೆ ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಇದು ಯಾವ ಸೀಮೆಯ ಹತ್ತಿ, ಎಷ್ಟು ಉದ್ದದ ಎಳೆ ಎಂದು ಹೇಳಬಹುದಿತ್ತು. ಪ್ರೆಸ್ಸಿನ ಅಂಡಿಗೆ ಮುಚ್ಚಿದ ಪೆಟ್ಟಿಗೆ. ಕಟ್ಟಿದ ಮೇಲೆ ಬಿಚ್ಚುವುದು ಸಾವಿರಾರು ಮೈಲು ಆಚೆ. ನಡುವಿನ ದಾರಿಯಲ್ಲಿ ಆಸೆಗೆ ಅವಕಾಶ ಬೇಕಾದಷ್ಟು. ತೂಕಕ್ಕೆ ನೀರು ಚಿಮುಕಿಸುವುದು, ಕಾಳು ಮಣ್ಣು ಸೇರಿಸುವುದು, ಉದ್ದ ಎಳೆಯ ಹತ್ತಿಯ ಹೊಟ್ಟೆಯಲ್ಲಿ ಗಿಡ್ಡ ಎಳೆಯದನ್ನು ತುರುಕುವುದು. ಯಂತ್ರ ಈ ಮೋಸವನ್ನು ಮುಚ್ಚಿದ್ದಷ್ಟೇ ಅಲ್ಲ, ಕೆಡುಕನ್ನೂ ಹೆಚ್ಚಿಸಿತು. ಉಳಿದ ಕಾಳು ಆ ಒತ್ತಿಗೆ ಜಜ್ಜಿ ಎಣ್ಣೆ ಬಿಟ್ಟು ಅರಳೆಗೆ ಕಲೆ ಹಿಡಿಸಿತು. ಜಿನ್ನಿನ ಒಂದು ಕಿಡಿ ಅರಳೆಯೊಡನೆ ಒಳಗೆ ಹೋದರೆ ಗಟ್ಟಿ ಅಂಡಿಗೆಯ ಹೊಟ್ಟೆಯಲ್ಲಿ ಹೊಗೆಯೂ ಕಾಣದೆ ದಿನಗಟ್ಟಲೆ ಬೆಂದು, ಕಡೆಗೆ ಗೋದಾಮಿನಲ್ಲೋ ಹಡಗಿನಲ್ಲೋ ಹೊತ್ತಿಕೊಳ್ಳುತ್ತಿತ್ತು.

ಕಣ್ಣಿಗೆ ಕಾಣದ್ದನ್ನು ಕಾನೂನಿನಿಂದ ಕಾಣಲು ಸರ್ಕಾರ ಹೊರಟಿತು. ಹತ್ತಿಯ ಮೋಸಕ್ಕೆ ಮುಂಬಯಿ ಸರ್ಕಾರ 1829ರಲ್ಲೇ ಒಂದು ಕಟ್ಟಳೆ ತಂದಿತ್ತು. ಯುದ್ಧಕಾಲದ ಬೆಲೆಯ ಹುಚ್ಚಿನಲ್ಲಿ ಕಲಬೆರಕೆ ಮಿತಿಮೀರಿದಾಗ 1863ರ ಕಾಯಿದೆ ಬಂತು; ತನಿಖೆಗಾರರು ಪೇಟೆಗಿಳಿದರು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು, ಮುಂಬಯಿಯ ಸಾಹುಕಾರರು ಮುಳುಗಿದರು. ಕಲಬೆರಕೆ ಮಾತ್ರ ಉಳಿಯಿತು. ಕಡೆಗೆ 1925ರಲ್ಲಿ ಬ್ರಿಟಿಷ್ ಇಂಡಿಯಾದ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯಿದೆ ಒಂದೊಂದು ಅಂಡಿಗೆಯ ಮೇಲೂ ಪ್ರೆಸ್ಸಿನ ಗುರುತು, ಸಾಲಿನ ಸಂಖ್ಯೆ ಇರಲೇಬೇಕೆಂದು ವಿಧಿಸಿತು. ಲಿವರ್‌ಪೂಲಿನಲ್ಲಿ ಬಿಚ್ಚಿದ ಅಂಡಿಗೆಯಲ್ಲಿ ಮಣ್ಣು ಸಿಕ್ಕರೆ ಅದನ್ನು ಕಟ್ಟಿದ ಪ್ರೆಸ್ಸಿನ ಬಾಗಿಲಿಗೆ ಹೋಗಿ ಕೇಳಲು ಈಗ ದಾರಿಯಾಯಿತು.

ಹತ್ತಿಗೆ ಒದಗಿದ ಈ ವಿದ್ಯೆ ನಮ್ಮಲ್ಲಿ ಹುಲ್ಲಿಗೆ ಒದಗಿದ್ದು ತಡವಾಗಿ. 1876ರಿಂದ 1878ರ ಬರದಲ್ಲಿ ಗುಲ್ಬರ್ಗಾ, ರಾಯಚೂರು, ಧಾರವಾಡದ ಎರೆಸೀಮೆ ಬೆಂದುಹೋಯಿತು. ಕಣಿಕೆಯ ಬಣವೆಗಳು ಕರಗಿದವು, ದನಗಳು ಸತ್ತವು; ಗಾಡಿ ಎಳೆಯುವ ಎತ್ತೇ ಇಲ್ಲವಾದಾಗ ರೈಲಿಳಿದ ಕಾಳು ನಿಲ್ದಾಣದಿಂದ ಹಳ್ಳಿಗೆ ಹೋಗದೆ ಬಿದ್ದಿತು. ಮಲೆನಾಡಿನ ಕಾಡಿನಲ್ಲಿ ಹುಲ್ಲಿಗೆ ಕೊರತೆಯಿರಲಿಲ್ಲ, ಅದನ್ನು ಬಿಡಿಯಾಗಿ ತರುವ ಉಪಾಯವಿರಲಿಲ್ಲ. ಅದೇ ದಶಕದಲ್ಲಿ ಅಮೆರಿಕದ ಆಲ್ಬನಿಯ ಪೀಟರ್ ಡೆಡೆರಿಕ್ ನಿಲ್ಲದೆ ನಡೆಯುವ ಹುಲ್ಲಿನ ಯಂತ್ರವನ್ನು ಪೇಟೆಗೆ ತಂದ. ಅದರಲ್ಲಿ ಪೆಟ್ಟಿಗೆ ಅಡ್ಡಲಾಗಿ ಮಲಗಿರುತ್ತದೆ. ಒತ್ತುಹಲಗೆ ಹಿಂದೆ ಸರಿದಾಗ ಮೇಲಿನ ಬಾಯಿಯಿಂದ ಒಂದು ತುತ್ತು ಹುಲ್ಲು ಬೀಳುತ್ತದೆ. ಮುಂದೆ ಬಂದಾಗ ಆ ತುತ್ತು ಮಡಚಿ ಹಿಂದಿನ ತುತ್ತುಗಳಿಗೆ ಅಂಟಿಕೊಳ್ಳುತ್ತದೆ. ಹುಲ್ಲು ಪುಟಿದು ಹಿಂದಕ್ಕೆ ಬಾರದಂತೆ ಗೋಡೆಯ ಮೊನೆಗಳು ಹಿಡಿದಿಡುತ್ತವೆ. ಇಲ್ಲಿ ಎದುರೊತ್ತು ಕೊಡುವುದು ಈಗಾಗಲೇ ಕಟ್ಟಿದ ಹೊರೆಯೇ: ಪೆಟ್ಟಿಗೆಯ ಹೊರಬಾಯಿಯನ್ನು ತುಸು ಕಿರಿದು ಮಾಡಿರುವುದರಿಂದ ಅದು ಉಜ್ಜುತ್ತ ನಿಧಾನವಾಗಿ ಸರಿಯುತ್ತದೆ, ಆ ತಡೆಗೆ ಹೊಸ ಹುಲ್ಲು ಬಿಗಿಯುತ್ತದೆ. ಎರಡು ಹೊರೆಗಳ ನಡುವೆ ಗೀರು ಕೊರೆದ ಹಲಗೆಯಿಟ್ಟು, ಆ ಗೀರುಗಳಲ್ಲಿ ತಂತಿ ತೂರಿಸಿ ಕಟ್ಟುತ್ತಾರೆ. ಇಂದು ಟ್ರ್ಯಾಕ್ಟರಿನ ಹಿಂದೆ ಓಡುವ ಚೌಕ ಹೊರೆಯ ಯಂತ್ರ ಬಿಚ್ಚಿ ನೋಡಿದರೂ ಒಳಗಿರುವುದು ಇದೇ ಏರ್ಪಾಡು. 1899–1900ರ ಮಹಾಬರದಲ್ಲಿ ಮುಂಬಯಿ ಸರ್ಕಾರದ ಅರಣ್ಯ ಇಲಾಖೆ ಕಾಡಿನ ಹುಲ್ಲನ್ನು ಕೊಯ್ಯಿಸಿ, ಒತ್ತಿ, ಹೊರೆ ಕಟ್ಟಿಸಿ ಬರದ ಜಿಲ್ಲೆಗಳಿಗೆ ರೈಲಿನಲ್ಲಿ ಕಳಿಸಿತು. ನಮ್ಮ ಜೋಳದ ಕಣಿಕೆ ಮಾತ್ರ ದಂಟು ಗಟ್ಟಿಯಾದ್ದರಿಂದ ಈ ಯಂತ್ರಕ್ಕೆ ಸುಲಭಕ್ಕೆ ಬಗ್ಗಲಿಲ್ಲ. ಅದು ಬಣವೆಯಲ್ಲೇ ಉಳಿಯಿತು.

ಗುಲ್ಬರ್ಗಾದಲ್ಲಿ ಆ ಶತಮಾನದ ಕೊನೆಯ ದಶಕಗಳಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಹೆಸರಿನಲ್ಲಿ ಮಹಬೂಬ್ ಶಾಹಿ ಮಿಲ್ಲು ಎದ್ದಾಗ ಒಂದು ಸೋಜಿಗದ ಸಂಗತಿ ಬಯಲಿಗೆ ಬಂತು. ಅಷ್ಟು ಕಷ್ಟಪಟ್ಟು ಒತ್ತಿದ ಅಂಡಿಗೆಯನ್ನು ನೂಲುವವನು ಮೊದಲು ಮಾಡುವ ಕೆಲಸ ಬಿಡಿಸುವುದು. ಹಲ್ಲುಗಳ ಉರುಳೆಯುಳ್ಳ ಯಂತ್ರಕ್ಕೆ ಕೊಟ್ಟು ಗಟ್ಟಿ ಪದರುಗಳನ್ನು ಹರಿದು, ಹತ್ತಿ ಮತ್ತೆ ಉಸಿರಾಡುವ ಹಾಗೆ ಹರವಿಡಬೇಕು. ಪ್ರೆಸ್ಸು ಮಾಡಿದ್ದನ್ನೆಲ್ಲ ಗಿರಣಿ ಅಳಿಸುತ್ತದೆ. ಹೊಲದ ಹತ್ತಿರವೇ ಗಿರಣಿಯಿದ್ದರೆ ಒತ್ತುವ ಖರ್ಚೂ ಬಿಡಿಸುವ ಖರ್ಚೂ ತಪ್ಪುತ್ತವೆ; ರೈತನ ಹತ್ತಿಯನ್ನು ನೂಲುವವನ ಕಣ್ಣೇ ನೇರವಾಗಿ ಬೆಲೆ ಕಟ್ಟುತ್ತದೆ. ಆ ಮಿಲ್ಲು ಮುಂದೆ ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದು, ಕಡೆಗೆ ಮುಚ್ಚಿತು. ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರು ಕಲಬುರಗಿಯಲ್ಲಿ ಇನ್ನೂ ಓಡಾಡುತ್ತಿದೆ. ಮಿಲ್ಲು ನಿಂತ ಮೇಲೆ ಭೀಮೆಯ ಆಚೀಚೆಯ ಹತ್ತಿ ಮತ್ತೆ ದೂರದ ಗಿರಣಿಗಳ ದಾರಿ ಹಿಡಿಯಿತು, ಮತ್ತೆ ಗಟ್ಟಿ ಅಂಡಿಗೆಯಾಗಿ.

ಇಂದಿನ ಪ್ರೆಸ್ಸುಗಳಲ್ಲಿ ನೀರಿನ ಜಾಗಕ್ಕೆ ಎಣ್ಣೆ, ಉಗಿಯ ಜಾಗಕ್ಕೆ ವಿದ್ಯುತ್ತು ಬಂದಿದೆ. ಅಂಡಿಗೆಯ ತೂಕ 170 ಕಿಲೋ. 392 ಪೌಂಡನ್ನು ಕಿಲೋಗೆ ತಂದರೆ ಸುಮಾರು 178, ಹೆಚ್ಚೇನೂ ದೂರವಿಲ್ಲ. ಬಲದ ಪ್ರಶ್ನೆಯನ್ನು ಬ್ರಾಮಾನ ಯಂತ್ರ ಎಂದೋ ಬಗೆಹರಿಸಿತು. ಒಳಗೇನಿದೆ ಎಂಬ ಪ್ರಶ್ನೆ ಬಗೆಹರಿದಿಲ್ಲ. ಈಗಲೂ ಒಂದೊಂದು ಅಂಡಿಗೆಯ ಮೈಮೇಲೆ ಪ್ರೆಸ್ಸಿನ ಸಾಲಿನ ಸಂಖ್ಯೆಯಾದ ಪಿ.ಆರ್. ನಂಬರು ಬರೆಯುತ್ತಾರೆ, ಎಳೆಯ ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಭಾರತೀಯ ಹತ್ತಿ ನಿಗಮ ಕ್ಯೂಆರ್ ಕೋಡನ್ನೂ ಅಂಟಿಸತೊಡಗಿದೆ. 1863ರ ತನಿಖೆಗಾರ ಪೇಟೆಯಲ್ಲಿ ಕೇಳಿದ್ದನ್ನೇ ಈ ಕೋಡೂ ಕೇಳುತ್ತಿದೆ. ಹತ್ತಿಯನ್ನು ಗಟ್ಟಿಯಾಗಿ ಕಟ್ಟುವುದನ್ನು ಮನುಷ್ಯ ಒಂದು ಶತಮಾನದೊಳಗೆ ಕಲಿತ. ಕಟ್ಟಿದ್ದನ್ನು ಬಿಚ್ಚದೆ ನಂಬುವುದನ್ನು ಇನ್ನೂ ಕಲಿಯುತ್ತಿದ್ದಾನೆ.